ವಾಚ್‌ಮನ್ ಇದ್ದಾನಾ ಎಂದು ಕೇಳುವ ಮೊದಲು ಲೆಕ್ಕದ ಪುಸ್ತಕ ಕೇಳಿ

ಜರ್ಸಿ ಸಿಟಿಯಲ್ಲೋ ಎಡಿಸನ್‌ನಲ್ಲೋ ಮಗ ಅಥವಾ ಮಗಳು ಕಾಂಡೋ ಕೊಂಡ ಸುದ್ದಿ ತಿಳಿದಾಗ ಹಾಸನ, ದಾವಣಗೆರೆ, ಉಡುಪಿಯಲ್ಲಿರುವ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಜಾಗ ಸೇಫ್ ತಾನೇ? ವಾಚ್‌ಮನ್ ಇದ್ದಾನಾ?" ಮಕ್ಕಳು ಫೋನ್ ತಿರುಗಿಸಿ ಲಾಬಿ ತೋರಿಸುತ್ತಾರೆ. ಬಾಗಿಲಲ್ಲಿ ಕುಳಿತ ಸಿಬ್ಬಂದಿ, ಮೂಲೆಮೂಲೆಗೆ ಕ್ಯಾಮೆರಾ, ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಗಾಜಿನ ಬಾಗಿಲು. ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಸಮಾಧಾನವಾಗುತ್ತದೆ. ಕಟ್ಟಡದ ಸಂಘದ ಖಾತೆಯಲ್ಲಿ ಎಷ್ಟು ಹಣವಿದೆ, ನೆಲಮಾಳಿಗೆಯ ಕಂಬಗಳನ್ನು ಎಂಜಿನಿಯರ್ ಕೊನೆಯ ಬಾರಿ ನೋಡಿದ್ದು ಯಾವಾಗ ಎಂದು ಅಲ್ಲಿಯವರೂ ಕೇಳುವುದಿಲ್ಲ, ಇಲ್ಲಿಯವರೂ ಹೇಳುವುದಿಲ್ಲ. ಕಾಂಡೋ ಜೀವನದ ಸುರಕ್ಷತೆಯ ದೊಡ್ಡ ಪಾಲು ಇರುವುದು ಈ ಕೇಳದ ಪ್ರಶ್ನೆಗಳಲ್ಲಿ.

ಕಾಂಡೋ ಎಂದರೆ ಏನೆಂದು ಊರಿನ ಓದುಗರಿಗೆ ಒಂದು ಮಾತು. ನಮ್ಮ ಬೆಂಗಳೂರಿನ ಫ್ಲಾಟ್ ಇದ್ದ ಹಾಗೆಯೇ. ನಾಲ್ಕು ಗೋಡೆಯ ಒಳಗಿನದು ನಮ್ಮದು. ಚಾವಣಿ, ಕಂಬ, ಮೆಟ್ಟಿಲು, ಲಿಫ್ಟ್, ಗ್ಯಾರೇಜ್, ಪೈಪು ಎಲ್ಲರದು. ಎಲ್ಲರದನ್ನು ನೋಡಿಕೊಳ್ಳಲು ಮಾಲೀಕರ ಅಸೋಸಿಯೇಷನ್, ಅದನ್ನು ನಡೆಸಲು ಮಾಲೀಕರೇ ಆರಿಸುವ ಒಂದು ಬೋರ್ಡ್. ಪ್ರತಿ ತಿಂಗಳೂ ಎಲ್ಲರೂ ಮೇಂಟೆನೆನ್ಸ್ ಹಣ ಕಟ್ಟಬೇಕು. ಅದರಲ್ಲಿ ಒಂದು ಭಾಗ ಆ ತಿಂಗಳ ಖರ್ಚಿಗೆ, ಇನ್ನೊಂದು ಭಾಗ ಮುಂದೆ ಬರುವ ದೊಡ್ಡ ದುರಸ್ತಿಗೆ. ಈ ಎರಡನೆಯದಕ್ಕೆ ರಿಸರ್ವ್ ಫಂಡ್, ಅಂದರೆ ಮೀಸಲು ನಿಧಿ ಎಂದು ಹೆಸರು.

ಲೆಕ್ಕ ಬರೆಯುವವರ ಭಾಷೆಯಲ್ಲಿ ಸವಕಳಿ ಎಂಬ ಶಬ್ದವಿದೆ. ಯಂತ್ರವಾಗಲಿ ಕಟ್ಟಡವಾಗಲಿ ದಿನವೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಬಿಲ್ ಬಂದಿಲ್ಲ ಎಂದಮಾತ್ರಕ್ಕೆ ಖರ್ಚು ಆಗಿಲ್ಲ ಎಂದಲ್ಲ. ಕಾಂಡೋದಲ್ಲಿ ಆ ಸವಕಳಿಯ ಹಣವನ್ನು ಕಟ್ಟಿಡುವ ಡಬ್ಬಿಯೇ ರಿಸರ್ವ್ ಫಂಡ್. ಡಬ್ಬಿ ಖಾಲಿಯಿದ್ದರೆ ದುರಸ್ತಿ ಮುಂದಕ್ಕೆ ಹೋಗುತ್ತದೆ. ಸವೆತ ಮಾತ್ರ ಯಾರಿಗೂ ಕಾಯುವುದಿಲ್ಲ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಅಮೆರಿಕ 2021ರ ಜೂನ್ 24ರ ನಸುಕಿನಲ್ಲಿ ನೋಡಿತು. ಫ್ಲೋರಿಡಾದ ಸರ್ಫ್‌ಸೈಡ್ ಎಂಬ ಊರಿನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ 12 ಅಂತಸ್ತಿನ ಕಾಂಡೋ ಕಟ್ಟಡದ ದೊಡ್ಡ ಭಾಗ, ಜನ ಮಲಗಿದ್ದಂತೆಯೇ ಕುಸಿದು ಬಿತ್ತು. 98 ಮಂದಿ ಸತ್ತರು. ಅವರಲ್ಲಿ ಭಾರತ ಮೂಲದ ದಂಪತಿ ಮತ್ತು ಅವರ ಒಂದು ವರ್ಷದ ಮಗುವೂ ಇತ್ತು. ಸಮುದ್ರದ ದಂಡೆಯ ಆ ಕಟ್ಟಡದಲ್ಲಿ ಸೆಕ್ಯುರಿಟಿ ಸಿಬ್ಬಂದಿಯೂ ಇದ್ದರು, ಕ್ಯಾಮೆರಾಗಳೂ ಇದ್ದವು.

ಆ ಕಟ್ಟಡದ ಕಾಗದಪತ್ರಗಳು ಆಮೇಲೆ ಹೊರಬಂದವು. ಈಜುಕೊಳದ ಸುತ್ತಲಿನ ಚಪ್ಪಡಿಯಲ್ಲಿ ನೀರು ಇಳಿಯುತ್ತಿದೆ, ಕಾಂಕ್ರೀಟ್ ಹಾಳಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ಹಣ ಎಲ್ಲಿಂದ, ಎಷ್ಟು ಎಂಬ ಜಗಳದಲ್ಲಿ 2019ರಲ್ಲಿ ಬೋರ್ಡಿನ ಏಳು ಸದಸ್ಯರಲ್ಲಿ ಐವರು ರಾಜೀನಾಮೆ ಕೊಟ್ಟರು. ಕೊನೆಗೆ 2021ರ ಏಪ್ರಿಲ್‌ನಲ್ಲಿ 1.5 ಕೋಟಿ ಡಾಲರಿನ ದುರಸ್ತಿಗೆ ಒಪ್ಪಿಗೆಯಾಯಿತು. ಮೀಸಲು ನಿಧಿಯಲ್ಲಿ ಹತ್ತು ಲಕ್ಷ ಡಾಲರ್ ಕೂಡ ಇರಲಿಲ್ಲ. ಹಾಗಾಗಿ ಒಂದು ಬೆಡ್‌ರೂಮಿನ ಮನೆಯವರಿಗೆ ಸುಮಾರು 80 ಸಾವಿರ ಡಾಲರ್, ಮೇಲಂತಸ್ತಿನ ದೊಡ್ಡ ಮನೆಗೆ 3 ಲಕ್ಷ 36 ಸಾವಿರ ಡಾಲರ್ ಪಾಲು ಬಂತು. ಕಂತು ಶುರುವಾಗಬೇಕಿದ್ದದ್ದು ಜುಲೈ 1ಕ್ಕೆ. ಕಟ್ಟಡ ಅದಕ್ಕೆ ಒಂದು ವಾರ ಮೊದಲೇ ಬಿತ್ತು. ಕುಸಿತಕ್ಕೆ ಮೂಲ ವಿನ್ಯಾಸದ ದೋಷವೂ ಸೇರಿ ಹಲವು ಕಾರಣಗಳನ್ನು ತನಿಖೆ ಎತ್ತಿ ತೋರಿಸಿದೆ. ಹಣವೊಂದೇ ಕಾರಣ ಎನ್ನುವುದು ಸರಿಯಲ್ಲ. ಆದರೆ ಗೊತ್ತಿದ್ದ ಸವೆತಕ್ಕೆ ಮೂರು ವರ್ಷ ಕೈ ಹಾಕಲಾಗದೆ ಹೋದದ್ದು ಮಾತ್ರ ಹಣದ ಮತ್ತು ಒಮ್ಮತದ ಕೊರತೆಯಿಂದ.

ನ್ಯೂಜೆರ್ಸಿ ಇದರಿಂದ ಪಾಠ ಕಲಿತಿದೆ. 2024ರ ಜನವರಿ 8ರಂದು ಗವರ್ನರ್ ಫಿಲ್ ಮರ್ಫಿ ಸಹಿ ಹಾಕಿದ ಕಾನೂನು ಎರಡು ಮುಖ್ಯ ಕೆಲಸ ಮಾಡುತ್ತದೆ. ಕಾಂಕ್ರೀಟ್, ಉಕ್ಕು, ಕಲ್ಲುಗಾರೆಯ ಮೇಲೆ ನಿಂತ ಕಾಂಡೋ ಮತ್ತು ಕೋ-ಆಪ್ ಕಟ್ಟಡಗಳನ್ನು ನಿಗದಿತ ಅವಧಿಗೊಮ್ಮೆ ಎಂಜಿನಿಯರ್ ಪರೀಕ್ಷೆ ಮಾಡಲೇಬೇಕು. ಜೊತೆಗೆ ಅಸೋಸಿಯೇಷನ್‌ಗಳು ಕನಿಷ್ಠ ಐದು ವರ್ಷಕ್ಕೊಮ್ಮೆ ಮೀಸಲು ನಿಧಿಯ ಅಧ್ಯಯನ ಮಾಡಿಸಬೇಕು. ಮುಂದಿನ 30 ವರ್ಷಕ್ಕೆ ಯಾವ ದುರಸ್ತಿ, ಯಾವಾಗ, ಹಣ ಎಲ್ಲಿಂದ ಎಂಬ ಯೋಜನೆ ಇಟ್ಟುಕೊಳ್ಳಬೇಕು. ತೀರಾ ಸಣ್ಣ ಸಂಘಗಳಿಗೆ ವಿನಾಯಿತಿ ಇದೆ. ಮರದ ಚೌಕಟ್ಟಿನ ಟೌನ್‌ಹೌಸ್‌ಗಳಿಗೆ ಮೊದಲನೆಯ ನಿಯಮ ಅನ್ವಯಿಸದಿದ್ದರೂ ಎರಡನೆಯದು ಅನ್ವಯಿಸುತ್ತದೆ. ಪ್ಲೇನ್ಸ್‌ಬರೋ, ಪಾರ್ಸಿಪನಿ ಕಡೆಯ ನಮ್ಮವರು ಇದನ್ನು ಗಮನಿಸಬೇಕು.

ನದಿಯ ಆಚೆ ನ್ಯೂಯಾರ್ಕ್ ನಗರಕ್ಕೆ ಇಂಥ ಪಾಠ ಇನ್ನೂ ಮೊದಲೇ ಸಿಕ್ಕಿತ್ತು. 1979ರಲ್ಲಿ ಮ್ಯಾನ್‌ಹಟನ್‌ನ ಬ್ರಾಡ್‌ವೇಯಲ್ಲಿ ಕಟ್ಟಡದ ಮೇಲಿಂದ ಕಳಚಿದ ತುಂಡು ಬಿದ್ದು ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಮರುವರ್ಷವೇ ನಗರ ಕಾನೂನು ಮಾಡಿತು. 1998ರಲ್ಲಿ ಅದನ್ನು ಬಿಗಿಗೊಳಿಸಿತು. ಆರಕ್ಕಿಂತ ಹೆಚ್ಚು ಅಂತಸ್ತಿನ ಕಟ್ಟಡಗಳ ಹೊರಗೋಡೆಯನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಇಲ್ಲಿಗೆ ಬಂದ ಅಪ್ಪ ಅಮ್ಮಂದಿರು "ಇದೇನು, ಎಲ್ಲಿ ನೋಡಿದರೂ ಫುಟ್‌ಪಾತ್ ಮೇಲೆ ಚಪ್ಪರ?" ಎಂದು ಕೇಳುವ ಆ ಕಬ್ಬಿಣದ ಚಪ್ಪರಗಳಲ್ಲಿ ಹೆಚ್ಚಿನವು ಈ ಕಾನೂನಿನ ಫಲ.

ಕಾನೂನು ಬಂತು, ಇನ್ನು ನಿಶ್ಚಿಂತೆ ಎನ್ನುವ ಹಾಗಿಲ್ಲ. ಅಧ್ಯಯನ ಮಾಡಿಸು ಎಂದು ಕಾನೂನು ಹೇಳಬಹುದು. ಅದರಂತೆ ಹಣ ಕೂಡಿಡಲು ಕೈ ಎತ್ತಬೇಕಾದವರು ಮಾಲೀಕರು. ನಮ್ಮ ಜನರ ದೌರ್ಬಲ್ಯ ಇರುವುದು ಇಲ್ಲೇ. "ಗ್ರೀನ್ ಕಾರ್ಡ್ ಬರುವುದೋ ಇಲ್ಲವೋ, ನಾಲ್ಕು ವರ್ಷ ಇದ್ದು ಮಾರಿ ಹೋಗುವವರಿಗೆ ಇಪ್ಪತ್ತು ವರ್ಷದ ಚಾವಣಿಯ ಚಿಂತೆ ಏಕೆ?" ಎಂಬ ಲೆಕ್ಕಾಚಾರದಲ್ಲಿ ಸಭೆಗೆ ಹೋಗುವುದಿಲ್ಲ. ಹೋದರೂ ಮೇಂಟೆನೆನ್ಸ್ ಏರಿಕೆಗೆ ವಿರೋಧ ಹೇಳಿ ಬರುತ್ತೇವೆ. ಊರಿನಿಂದಲೂ ಅದೇ ದನಿ: "ಸ್ವಂತ ಮನೆಗೂ ತಿಂಗಳು ತಿಂಗಳು ಬಾಡಿಗೆಯಂತೆ ಕಟ್ಟಬೇಕಾ?"

ಒಂದು ಉದಾಹರಣೆ ತೆಗೆದುಕೊಳ್ಳೋಣ. 100 ಮನೆಗಳ ಕಟ್ಟಡ. ಇನ್ನು 20 ವರ್ಷಕ್ಕೆ ಚಾವಣಿ ಬದಲಿಸಲು 6 ಲಕ್ಷ ಡಾಲರ್ ಬೇಕು ಎಂದಿಟ್ಟುಕೊಳ್ಳಿ. ಬಡ್ಡಿ, ಬೆಲೆಯೇರಿಕೆ ಬಿಟ್ಟು ನೋಡಿದರೆ ಈಗಿನಿಂದ ಮನೆಯೊಂದಕ್ಕೆ ತಿಂಗಳಿಗೆ 25 ಡಾಲರ್ ಸಾಕು. ಕೂಡಿಡದಿದ್ದರೆ ಒಂದು ದಿನ ಎಲ್ಲರ ಅಂಚೆಪೆಟ್ಟಿಗೆಗೂ 6 ಸಾವಿರ ಡಾಲರಿನ ಸ್ಪೆಷಲ್ ಅಸೆಸ್‌ಮೆಂಟ್ ನೋಟಿಸ್ ಬರುತ್ತದೆ. ಚಾವಣಿಯ ಜೊತೆ ಲಿಫ್ಟ್, ಗ್ಯಾರೇಜಿನ ಚಪ್ಪಡಿ, ಬೆಂಕಿ ಎಚ್ಚರಿಕೆಯ ವ್ಯವಸ್ಥೆ ಸೇರಿಸಿದರೆ ಆ ಮೊತ್ತ ಎಲ್ಲಿಗೆ ಹೋಗುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಎಚ್-1ಬಿ ಮೇಲೆ ಇರುವವರಿಗೆ ಇದು ಇನ್ನೂ ಬಿಗಿ. ಕೆಲಸ ಹೋದರೆ ಹೆಚ್ಚೆಂದರೆ 60 ದಿನದೊಳಗೆ ಬೇರೆ ದಾರಿ ಹುಡುಕಬೇಕು. ಇಲ್ಲವೇ ಮನೆ ಮಾರಿ ಹೊರಡಬೇಕು. ಸರ್ಫ್‌ಸೈಡ್ ನಂತರ ಗೃಹಸಾಲದ ಸಂಸ್ಥೆ ಫ್ಯಾನಿ ಮೇ, ಗಂಭೀರ ದುರಸ್ತಿ ಬಾಕಿ ಇಟ್ಟುಕೊಂಡ ಕಟ್ಟಡಗಳ ಸಾಲವನ್ನು 2022ರ ಜನವರಿಯಿಂದ ಕೊಳ್ಳುತ್ತಿಲ್ಲ. ಬ್ಯಾಂಕುಗಳು ಅಸೋಸಿಯೇಷನ್‌ಗೆ ಉದ್ದದ ಪ್ರಶ್ನಾವಳಿ ಕಳಿಸುತ್ತವೆ. ಉತ್ತರ ಸರಿಯಿಲ್ಲದಿದ್ದರೆ ಕೊಳ್ಳುವವರಿಗೆ ಸಾಲ ಸಿಗುವುದು ಕಷ್ಟ. ಸಾಲ ಸಿಗದಿದ್ದರೆ ಮನೆ ಮಾರುವುದೂ ಕಷ್ಟ. ನಾಲ್ಕು ವರ್ಷದಲ್ಲಿ ಹೊರಡುವವರಿಗೆ ಚಾವಣಿಯ ಚಿಂತೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇದೇ: ಹೊರಡುವ ದಿನವೇ ಆ ಚಾವಣಿಯ ಲೆಕ್ಕ ಎದುರು ಬಂದು ನಿಲ್ಲುತ್ತದೆ.

ಹಣದಿಂದ ಆಗುವ ಕೆಲಸ ಇಷ್ಟು. ಹಣ ಬೇಡದ, ಬರೀ ಗಮನ ಬೇಡುವ ಕೆಲಸವೂ ಇದೆ. ಅದರಲ್ಲಿ ಮೊದಲನೆಯದು ಬೆಂಕಿ.

2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 19 ಅಂತಸ್ತಿನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ರೂಮ್ ಹೀಟರಿನಿಂದ ಬೆಂಕಿ ಹತ್ತಿತು. ಬೆಂಕಿ ಹರಡಿದ್ದು ಸ್ವಲ್ಪವೇ. ಆದರೆ ತಾನಾಗಿ ಮುಚ್ಚಿಕೊಳ್ಳಬೇಕಿದ್ದ ಮನೆಯ ಬಾಗಿಲು ತೆರೆದೇ ಉಳಿಯಿತು, ಮೆಟ್ಟಿಲಿನ ಕಡೆಯ ಬಾಗಿಲೂ ಮುಚ್ಚಲಿಲ್ಲ. ಹೊಗೆ ಮೇಲಕ್ಕೇರಿ 17 ಜನರನ್ನು ಕೊಂದಿತು. ಅವರಲ್ಲಿ ಎಂಟು ಮಕ್ಕಳು. ಬಹುಪಾಲು ಕುಟುಂಬಗಳು ನಮ್ಮ ಹಾಗೆಯೇ ಹೊರದೇಶದಿಂದ ಬಂದವು. ಬಾಗಿಲಿನ ಸ್ಪ್ರಿಂಗ್ ಸರಿಯಿಡುವುದು ಕಟ್ಟಡ ನಡೆಸುವವರ ಕೆಲಸ. ಗಾಳಿ ಬರಲಿ ಎಂದು ಆ ಬಾಗಿಲಿಗೆ ಚಪ್ಪಲಿಯೋ ಕುಂಡವೋ ಒಡ್ಡದಿರುವುದು ನಮ್ಮ ಕೆಲಸ.

ನಮ್ಮ ಅಡುಗೆಮನೆಗೂ ಇದರಲ್ಲಿ ಪಾಲಿದೆ. ಒಣಮೆಣಸಿನಕಾಯಿಯ ಒಗ್ಗರಣೆಗೆ ಸ್ಮೋಕ್ ಅಲಾರಾಂ ಕಿರುಚುತ್ತದೆ. ಕಿರಿಕಿರಿಯಾಗಿ ಅದರ ಬ್ಯಾಟರಿ ತೆಗೆದಿಡುವವರು, ಪ್ಲಾಸ್ಟಿಕ್ ಚೀಲ ಕಟ್ಟುವವರು ಇದ್ದಾರೆ. ದಯವಿಟ್ಟು ಬೇಡ. ಕಿಟಕಿ ತೆರೆಯಿರಿ, ಚಿಮಣಿ ಫ್ಯಾನ್ ಹಾಕಿ. ಹೊಗೆ ಹೋಗಲಿ ಎಂದು ಕಾರಿಡಾರಿನ ಬಾಗಿಲನ್ನು ಮಾತ್ರ ತೆರೆಯಬೇಡಿ. ಇಡೀ ಕಟ್ಟಡದ ಅಲಾರಾಂ ಹೊಡೆದು ಅಗ್ನಿಶಾಮಕ ದಳವೇ ಬಂದೀತು. ದೀಪಾವಳಿಯಲ್ಲಿ ಹಣತೆ, ಪೂಜೆಯಲ್ಲಿ ಕರ್ಪೂರ ಇರಲಿ. ಆದರೆ ಪರದೆಯಿಂದ ದೂರ, ಕಾರ್ಪೆಟ್ ಮೇಲೆ ತಟ್ಟೆಯಿಟ್ಟು, ಹೊರಗೆ ಹೊರಡುವ ಮೊದಲು ಆರಿಸಿ. ಮನೆಯಲ್ಲಿ ಇ-ಬೈಕ್ ಇದ್ದರೆ ಅದಕ್ಕೂ ಕಟ್ಟಳೆ ಬೇಕು. 2024ರ ಫೆಬ್ರವರಿಯಲ್ಲಿ ಹಾರ್ಲೆಮ್‌ನ ಅಪಾರ್ಟ್‌ಮೆಂಟಿನಲ್ಲಿ ಲಿಥಿಯಂ ಬ್ಯಾಟರಿಯಿಂದ ಹೊತ್ತಿದ ಬೆಂಕಿಯಲ್ಲಿ 27 ವರ್ಷದ ಭಾರತೀಯ ಪತ್ರಕರ್ತನೊಬ್ಬ ಸತ್ತ. ಬಾಗಿಲ ಬಳಿ, ರಾತ್ರಿಯಿಡೀ, ಬೇರೆ ಕಂಪನಿಯ ಚಾರ್ಜರ್ ಹಾಕಿ ಚಾರ್ಜ್ ಮಾಡಬಾರದು ಎಂಬ ನಿಯಮವನ್ನು ಪ್ರತಿ ಅಸೋಸಿಯೇಷನ್ ಬರೆದಿಡಬೇಕು.

ಬಾಡಿಗೆಗೆ ಇರುವವರಿಗೆ ಇನ್ನೊಂದು ಮಾತು. 2015ರ ಜನವರಿ 21ರಂದು ಹಡ್ಸನ್ ನದಿಯ ದಂಡೆಯ ಎಡ್ಜ್‌ವಾಟರ್‌ನಲ್ಲಿ ಅವಲಾನ್ ಎಂಬ ಬಾಡಿಗೆ ಅಪಾರ್ಟ್‌ಮೆಂಟ್ ಸಮುಚ್ಚಯ ಉರಿದುಹೋಯಿತು. ಪೈಪು ಸರಿಮಾಡುತ್ತಿದ್ದ ಕೆಲಸಗಾರರ ಟಾರ್ಚಿನಿಂದ ಹತ್ತಿದ ಕಿಡಿ ಹಗುರ ಮರದ ಚೌಕಟ್ಟಿನೊಳಗೆ ಹರಿಯಿತು. ಜೀವಹಾನಿ ಆಗಲಿಲ್ಲ. ಆದರೆ ನೂರಾರು ಜನ ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಕಟ್ಟಡದ ವಿಮೆ ಕಟ್ಟಡಕ್ಕೆ ಮಾತ್ರ. ನಿಮ್ಮ ಸಾಮಾನು, ಹೋಟೆಲ್ ಖರ್ಚು ಅದರಲ್ಲಿ ಬರುವುದಿಲ್ಲ. ಬಾಡಿಗೆದಾರರಿಗೆ ರೆಂಟರ್ಸ್ ಇನ್ಶೂರೆನ್ಸ್, ಕಾಂಡೋ ಮಾಲೀಕರಿಗೆ ಎಚ್‌ಒ-6 ಎಂಬ ಪಾಲಿಸಿ ಬೇರೆಯಾಗಿ ಬೇಕು. ಎಚ್‌ಒ-6 ಕೊಳ್ಳುವಾಗ ಲಾಸ್ ಅಸೆಸ್‌ಮೆಂಟ್ ಎಂಬ ಕಲಮು ಎಷ್ಟಕ್ಕಿದೆ ಎಂದು ಕೇಳಿ. ವಿಮೆಗೆ ಒಳಪಟ್ಟ ಅವಘಡದಿಂದ ಬರುವ ಪಾಲಿಗೆ ಅದು ನೆರವಾಗುತ್ತದೆ. ಸವೆತದ ದುರಸ್ತಿಗೆ ಅದು ಬರುವುದಿಲ್ಲ. ಪಾಸ್‌ಪೋರ್ಟ್, ಐ-797, ಪದವಿ ಪತ್ರಗಳ ಪ್ರತಿ ಊರಿನ ಮನೆಯವರ ಬಳಿಯೂ ಇರಲಿ.

ಕಳ್ಳತನದ ಭಯ ಸುಳ್ಳಲ್ಲ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆ ಎಂಬುದು ಇಲ್ಲಿನ ಕಳ್ಳರಿಗೂ ಗೊತ್ತು. 2011ರಿಂದ 2014ರವರೆಗೆ ನ್ಯೂಯಾರ್ಕ್ ಸೇರಿ ಹಲವು ರಾಜ್ಯಗಳಲ್ಲಿ ಏಷ್ಯನ್ ಮತ್ತು ಭಾರತೀಯ ಮೂಲದ ಕುಟುಂಬಗಳನ್ನೇ ಗುರಿಮಾಡಿ ಆಯುಧ ತೋರಿಸಿ ದೋಚಿದ ತಂಡದ ನಾಯಕಿಗೆ ಫೆಡರಲ್ ನ್ಯಾಯಾಲಯ 37 ವರ್ಷ ಶಿಕ್ಷೆ ವಿಧಿಸಿದೆ. ಮದುವೆಯ ಒಡವೆ ಬ್ಯಾಂಕ್ ಲಾಕರಿನಲ್ಲಿರಲಿ. ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಿಂದ ಫೋಟೋ ಹಾಕುವ ಬದಲು ಹಿಂದಿರುಗಿದ ಮೇಲೆ ಹಾಕಿ. ಕಟ್ಟಡದ ಬಾಗಿಲಲ್ಲಿ ನಿಮ್ಮ ಹಿಂದೆಯೇ ಒಳನುಸುಳುವ ಅಪರಿಚಿತರಿಗೆ ಸೌಜನ್ಯಕ್ಕೆಂದು ಬಾಗಿಲು ಹಿಡಿಯಬೇಡಿ. "ದಯವಿಟ್ಟು ಡೆಸ್ಕಿನಲ್ಲಿ ಕೇಳಿ" ಎಂದರೆ ಯಾರಿಗೂ ಅವಮಾನವಲ್ಲ.

ಆದರೆ ಅಪರಿಚಿತರ ಮೇಲಿನ ಅನುಮಾನ ನಮ್ಮವರ ಮೇಲೂ ತಿರುಗಬಹುದು. 2015ರ ಫೆಬ್ರವರಿಯಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಮಗನ ಮನೆಗೆ ಬಂದಿದ್ದ ಗುಜರಾತಿನ ಅಜ್ಜನೊಬ್ಬರು ಬೆಳಗಿನ ವಾಕಿಂಗ್ ಹೋಗಿದ್ದಾಗ, ಯಾರೋ ಅನುಮಾನದ ವ್ಯಕ್ತಿ ಎಂದು ನೆರೆಯವರು ಪೊಲೀಸರಿಗೆ ಫೋನ್ ಮಾಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪೊಲೀಸ್ ಒಬ್ಬ ಅವರನ್ನು ನೆಲಕ್ಕೆ ಕೆಡವಿದ, ಕತ್ತಿನ ಮೂಳೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ ಮೊದಲ ವಾರವೇ ಅವರನ್ನು ಪಕ್ಕದ ಮನೆಯವರಿಗೆ, ಡೆಸ್ಕಿನಲ್ಲಿರುವವರಿಗೆ ಪರಿಚಯ ಮಾಡಿಸಿ. ಅವರ ಜೇಬಿನಲ್ಲಿ ಮನೆಯ ವಿಳಾಸ, ನಿಮ್ಮ ನಂಬರ್ ಇಂಗ್ಲಿಷಿನಲ್ಲಿ ಬರೆದ ಚೀಟಿ ಇರಲಿ. ಫ್ರಿಜ್ ಮೇಲೆ 911 ಮತ್ತು ವಿಳಾಸ ದೊಡ್ಡ ಅಕ್ಷರದಲ್ಲಿರಲಿ. ನೀವು ಆಫೀಸಿಗೆ ಹೋದ ಮೇಲೆ ಅಲಾರಾಂ ಹೊಡೆದರೆ ಏನು ಮಾಡಬೇಕು, ಮೆಟ್ಟಿಲು ಎಲ್ಲಿದೆ, ಲಿಫ್ಟ್ ಏಕೆ ಹತ್ತಬಾರದು ಎಂದು ಒಮ್ಮೆ ನಡೆಸಿ ತೋರಿಸಿ. ನ್ಯೂಯಾರ್ಕಿನಲ್ಲಿ ಮನೆಬಾಗಿಲಿನ ಒಳಬದಿಯಲ್ಲಿ ಬೆಂಕಿಯ ಸಮಯದ ಸೂಚನೆ ಅಂಟಿಸಿರುತ್ತಾರೆ. ಅದನ್ನು ಓದಿ ಕನ್ನಡದಲ್ಲಿ ಹೇಳಿ.

ಇದು ಅಮೆರಿಕದ ಮಾತು ಮಾತ್ರ ಎಂದುಕೊಳ್ಳಬೇಡಿ. 2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಬಿದ್ದು ತಾಯಿ ಮಗಳು ಸತ್ತರು. ಬಾಲ್ಕನಿಗೆ ಹಾಕಿಸಿದ್ದ ಗ್ರಿಲ್ ದಾಟಿ ಹೊರಬರಲಾಗದೆ ಸಿಕ್ಕಿಕೊಂಡ ದೃಶ್ಯವನ್ನು ಊರೆಲ್ಲ ನೋಡಿತು. ಕಳ್ಳರನ್ನು ತಡೆಯುವ ಗ್ರಿಲ್ ಮನೆಯವರನ್ನೂ ತಡೆಯಬಹುದು. ಒಳಗಿನಿಂದ ತೆರೆಯುವ ಒಂದು ಕಿಂಡಿ ಅದರಲ್ಲಿ ಇರಲೇಬೇಕು. ಇಲ್ಲಿರುವ ಎಷ್ಟೋ ಕನ್ನಡಿಗರು ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ ಫ್ಲಾಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದಾರೆ, ಇಲ್ಲವೇ ಅಪ್ಪ ಅಮ್ಮನನ್ನು ಇರಿಸಿದ್ದಾರೆ. ಅಲ್ಲಿನ ಕಾರ್ಪಸ್ ಫಂಡ್ ಎಷ್ಟಿದೆ, ಅಗ್ನಿಶಾಮಕ ಪೈಪಿನಲ್ಲಿ ನೀರು ಬರುತ್ತದೆಯೇ ಎಂದು ಕೇಳಲು ವಾಟ್ಸ್‌ಆ್ಯಪ್ ಸಾಕು, ವಿಮಾನ ಹತ್ತಬೇಕಿಲ್ಲ.

ಹಾಗಾದರೆ ಮಾಡಬೇಕಾದದ್ದು ಏನು? ನ್ಯೂಜೆರ್ಸಿಯಲ್ಲಿ ಕಾಂಡೋ ಕಾನೂನಿನ ಪ್ರಕಾರ ಅಸೋಸಿಯೇಷನ್‌ನ ಲೆಕ್ಕಪತ್ರ ನೋಡುವ ಹಕ್ಕು ಪ್ರತಿ ಮಾಲೀಕರಿಗೂ ಇದೆ. ಬೋರ್ಡ್ ಚುನಾವಣೆಯಲ್ಲಿ ಮತ ಹಾಕುವ, ನಿಲ್ಲುವ ಹಕ್ಕನ್ನು 2017ರ ಕಾನೂನು ಇನ್ನೂ ಗಟ್ಟಿಗೊಳಿಸಿದೆ. ವರ್ಷಕ್ಕೊಮ್ಮೆ ಮೂರು ಕಾಗದ ಕೇಳಿ: ಆ ವರ್ಷದ ಬಜೆಟ್, ಮೀಸಲು ನಿಧಿಯ ಅಧ್ಯಯನ, ಕಟ್ಟಡ ಪರೀಕ್ಷೆಯ ವರದಿ. ಮನೆ ಕೊಳ್ಳುವವರು ಮುಂಗಡ ಕೊಟ್ಟ ಮೇಲಲ್ಲ, ಮೊದಲೇ ಕೇಳಲಿ. ನಮ್ಮಲ್ಲಿ ಎಂಜಿನಿಯರುಗಳಿಗೆ, ಲೆಕ್ಕ ಬಲ್ಲವರಿಗೆ ಬರವಿಲ್ಲ. ಅಂಥವರು ಬೋರ್ಡಿನಲ್ಲಿ ಒಂದು ಅವಧಿಯಾದರೂ ಕೂರಬೇಕು. ಸಂಬಳವಿಲ್ಲದ, ಬೈಗುಳ ಹೆಚ್ಚಿರುವ ಕೆಲಸ ನಿಜ. ಆದರೆ ಮೇಂಟೆನೆನ್ಸ್ ಏರಿಸಿದವರನ್ನು ಬೈಯುವ ಮುನ್ನ ಏರಿಸದವರು ಬಿಟ್ಟುಹೋದ ಲೆಕ್ಕವನ್ನು ಒಮ್ಮೆ ನೋಡಬೇಕು.

ನ್ಯೂಜೆರ್ಸಿಯ ಬೃಂದಾವನ, ನ್ಯೂಯಾರ್ಕಿನ ಕನ್ನಡ ಕೂಟಗಳಿಗೂ ಒಂದು ವಿನಂತಿ. ಯುಗಾದಿ, ರಾಜ್ಯೋತ್ಸವಕ್ಕೆ ನೂರಾರು ಕುಟುಂಬ ಒಂದೆಡೆ ಸೇರುತ್ತವೆ. ಊಟಕ್ಕೆ ಮೊದಲು ಅರ್ಧ ಗಂಟೆ ಊರಿನ ಅಗ್ನಿಶಾಮಕ ದಳದವರನ್ನು ಕರೆಸಿ ಮಾತಾಡಿಸಿ. ಹಿರಿಯರಿಗೆ ಕನ್ನಡದಲ್ಲಿ ವಿವರಿಸುವವರು ಪಕ್ಕದಲ್ಲಿರಲಿ.

ಊರಿನಲ್ಲಿರುವ ಮನೆಯವರಿಗೂ ಇಷ್ಟೇ ಕೋರಿಕೆ. ಮುಂದಿನ ವಿಡಿಯೊ ಕಾಲ್‌ನಲ್ಲಿ ವಾಚ್‌ಮನ್ ವಿಚಾರ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ: "ಸಂಘದ ಸಭೆಗೆ ಹೋಗಿದ್ದೆಯಾ? ಅಲಾರಾಂನಲ್ಲಿ ಬ್ಯಾಟರಿ ಇದೆಯಾ?" ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರೆ, ಉತ್ತರ ಬರುವವರೆಗೆ ಫೋನ್ ಇಡಬೇಡಿ.